ಹನ್ನೆರಡು ಮಂದ್ಯಾಗ ಓಡಿದಾಂವ

ನೇಸರಿ
22 ಆಗಸ್ಟ್ 2024

ಶ್ರೀ ಬಾಳಗೊಂಡ ಪಾಟೀಲ ಅವರಿಗೆ,

ನಾನು ಅಕ್ಕವ್ವ. ನಿಮ್ಮ ಸಂಗಟ ಲಂಕಾದ ಕಾಡಿನ್ಯಾಗ ಲಡಾಯಿ ಮಾಡಿ ಸತ್ತ ಕಾಡಸಿದ್ದನ ಅಕ್ಕ. 1988ರಾಗ ನೀವು ಕಿವಿಗೆ ಪಟ್ಟಿ ಕಟ್ಟಿಕೊಂಡು ನಮ್ಮ ಮನಿಗೆ ಬಂದಿದ್ರಿ. ಅವತ್ತ ನಿಮಗ ಚಾ ಕೊಟ್ಟಾಕಿ ನಾನಽ. ಆಮ್ಯಾಲ ಮೂವತ್ತಾರು ವರ್ಷ ನೀವು ಈ ಕಡೆ ಹಾಯಲಿಲ್ಲ. ಯಾಕ ಬರಲಿಲ್ಲ ಅಂತ ನಾವೂ ಕೇಳಲಿಲ್ಲ.

ಫೋನ್ ಹಚ್ಚಿದ್ದೆ. ನಿಮ್ಮ ಸೊಸಿ ಕಾಂಚನ ಅವರು, ಮಾವಾರಿಗೆ ಕಿವಿ ಕೇಳಸೂದಿಲ್ರಿ, ಏನಿದ್ರೂ ಬರದು ಕಳಸ್ರಿ ಅಂದ್ರು. ಒಂದ ನಮೂನಿ ಚಲೋ ಆತು. ಬಾಯಿಮಾತು ನಾಳಿ ಬದಲಿ ಆಗತೈತಿ.

ಮೊನ್ನಿ ಆಯ್ತವಾರ ನನ್ನ ಮಗಳು ಮಯೂರಿ ನನ್ನನ್ನ ಕೊಲ್ಲಾಪುರಕ್ಕ ಆ ಸಿನೇಮಾಕ್ಕ ಕರಕೊಂಡು ಹೋಗಿದ್ದಳು. ನಿಮ್ಮ ಲಡಾಯಿದಽ ಕಥಿ ಅಂತ ಪೇಪರಿನ್ಯಾಗ ಬಂದಿತ್ತು. ಹನ್ನೆರಡು ಹುಡುಗರು, ಎದುರಿಗೆ ಇನ್ನೂರು ಮಂದಿ, ಸುತ್ತ ಕಾಡು. ಒಬ್ಬ ಹುಡುಗಂದೂ ಮೀಸಿ ನೆಟ್ಟಗ ಬಂದಿಲ್ಲ. ಅರ್ಧಾ ಸಿನೇಮಾ ತನಕ ನಾನೂ ಎಲ್ಲಾರಂಗ ಉಸಿರ ಹಿಡದು ನೋಡಿದೆ.

ಹೆಸರು ಬದಲಿ ಮಾಡ್ಯಾರ. ಆದ್ರ ಒಬ್ಬ ಸಿಪಾಯಿ ಬಂದೂಕಿನ ಪಟ್ಟಾಕ್ಕ ನೀಲಿ ರಿಬ್ಬನ್ ಕಟ್ಟಿರತಾನ. ಭರತಿ ಆಗಿ ಹೋಗೂ ದಿನ ಗಡಹಿಂಗ್ಲಜ ಸ್ಟ್ಯಾಂಡಿನ್ಯಾಗ ಕಾಡಸಿದ್ದ ನನ್ನ ಹೆಳಲಿಂದ ಬಿಚ್ಚಿಕೊಂಡು ಹೋದ ರಿಬ್ಬನ್ ಅದು. ನಮ್ಮ ಮನ್ಯಾಗ, ಮತ್ತ ಅವನ ಸಂಗಟ ಇದ್ದಾವರಿಗೆ ಬಿಟ್ರ ಇನ್ನ ಯಾರಿಗೂ ಗೊತ್ತಿಲ್ಲ. ಆ ರಿಬ್ಬನ್ ಕಟ್ಟಿದ ಹುಡುಗನಽ ಲಡಾಯಿ ನಡುವ ಎದ್ದು ಓಡತಾನ. ಅವ ಓಡಿದ್ದಕ್ಕ ಬಲಗಡಿ ಖಾಲಿ ಬಿದ್ದು ಉಳದಾವರು ಸಾಯತಾರ. ನನ್ನ ಹಿಂದ ಕುಂತಾಂವ ಒಬ್ಬ "ಪಳಪುಟ್ಯಾ" ಅಂತ ಬೈದ, ಓಡಿಹೋದ ಹೇಡಿ ಅಂತ. ನನ್ನ ತಮ್ಮಗ ಬೈದ.

ಹನ್ನೆರಡು ಮಂದ್ಯಾಗ ಜೀವಂತ ಬಂದಾಂವ ನೀವೊಬ್ಬರಽ. ರಿಬ್ಬನ್ನಿನ ಮಾತು ಸಿನೇಮಾದಾವರಿಗೆ ಯಾರು ಹೇಳಿದ್ರು? ಓಡಿದ ಮಾತು ಯಾರು ಹೇಳಿದ್ರು?

ಉತ್ತರಾ ಬರೀರಿ.

ಅಕ್ಕವ್ವ


ಕಬನೂರ, ಇಚಲಕರಂಜಿ
2 ಸಪ್ಟೆಂಬರ್ 2024

ಅಕ್ಕಾರಿಗೆ ಬಾಳಗೊಂಡನ ನಮಸ್ಕಾರ್ರಿ.

ನಿಮ್ಮ ಪತ್ರ ಸಿಕ್ಕಿತು. ನಾ ಕನ್ನಡ ಸಾಳ್ಯಾಗ ನಾಕನೇತ್ತಾ ತನಕ ಅಷ್ಟ ಕಲ್ತಾಂವ. ನೀವು ಸಾಳಿ ಕಲಿಸಿದ ಅಕ್ಕೋರು, ತಪ್ಪ ಇದ್ರ ತಿದ್ದಿಕೊಂಡು ಓದ್ರಿ. ನನ್ನ ಕಿವಿ ಲಡಾಯಿದಾಗಽ ಹೋದುವು. ಮನ್ಯಾಗ ಅರಬಿ ನೇಯೂ ಎಂಟು ಮಾಗ ಖಟಖಟ ಅಂತಾವ, ನನಗ ಅವು ನೆಲಾ ನಡುಗೂದರ ಮ್ಯಾಲ ಅಷ್ಟ ತಿಳೀತಾವ.

ಸಿನೇಮಾ ಅಂದ್ರ ಸಿನೇಮಾ ಅಕ್ಕಾರ. ಅದರಾಗ ಮಸಾಲಿ ಹಾಕಿರತಾರ. ಕಥಿ ಬರದ ಹುಡುಗ ಧೀರಜ ಅಂತ, ಕೊಲ್ಲಾಪುರದಾಂವ. ಹ್ವಾದ ವರ್ಷ ಬ್ಯಾಸಗ್ಯಾಗ ಬಂದಿದ್ದ. ಏನು ಉಣತಿದ್ರಿ, ಬೂಟ ಎಂಥಾವು ಇದ್ವು, ಮಳಿ ಹ್ಯಾಂಗ ಇತ್ತು ಅಂತ ಕೇಳಿದ. ಹೇಳೇನಿ. ರಿಬ್ಬನ್ ಮಾತು ಬಂದಿರಬೇಕು, ನೆನಪಿಲ್ಲ.

ಕಾಡಸಿದ್ದ ಬಲಗಡೆ ಇದ್ದ. ನಮ್ಮ ಕಬನೂರಿನ ಪಾರೀಸ ಅವನ ಬಾಜೂಕ ಇದ್ದ. ನಾ ಎಡಗಡೆ ದೊಡ್ಡ ಬಂದೂಕಿನ ಕಡೆ. ನಡುವ ಗಿಡಾ, ಹೊಗಿ. ಅವ ಬಿದ್ದದ್ದು ನಾ ನೋಡಿಲ್ಲ. ಮೊದಲನೇ ಗುಂಡಿಗೇ ಹ್ವಾದ, ನೋವು ಆಗಿಲ್ಲ ಅಂತ ಆಮ್ಯಾಲ ಡಾಕ್ಟರು ಅಂದ್ರು.

ಆ ಸಿನೇಮಾ ಮತ್ತ ನೋಡಬ್ಯಾಡ್ರಿ. ಮಯೂರಿಗೆ ಆಶೀರ್ವಾದ.

ನಿಮ್ಮ
ಬಾಳಗೊಂಡ


ನೇಸರಿ
9 ಸಪ್ಟೆಂಬರ್ 2024

ಬಾಳಗೊಂಡ ಅವರಿಗೆ,

ನಮ್ಮ ಅವ್ವನ ಟ್ರಂಕಿನ್ಯಾಗ ನಿಮ್ಮದೊಂದು ಹಳೇ ಪತ್ರ ಐತಿ. 1988ರಾಗ ಪುಣೆದ ದವಾಖಾನಿಯಿಂದ ಬರದದ್ದು. ನೀವು ಬರದ ಹಂಗಽ ಇಲ್ಲಿ ಬರೀತೇನಿ: "ಅವ್ವಾರ, ಕಾಡಸಿದ್ದನ ತಲಿ ನನ್ನ ತೊಡಿ ಮ್ಯಾಲ ಇತ್ತು. ನನ್ನ ಬಾಟಲಿ ನೀರು ಅವನ ಬಾಯಾಗ ಹಾಕಿದೆ. ಅವ್ವಗ ಅಳಬ್ಯಾಡ ಅಂತ ಹೇಳು ಅಂದ, ಕಣ್ಣ ಮುಚ್ಚಿದ."

ಈಗ ಹೇಳತೀರಿ, ಅವ ಬಲಗಡೆ ಇದ್ದ, ನಾ ಎಡಗಡೆ ಇದ್ದೆ, ಬಿದ್ದದ್ದು ನೋಡಿಲ್ಲ, ಮೊದಲನೇ ಗುಂಡಿಗೇ ಹ್ವಾದ ಅಂತ. ಮೊದಲನೇ ಗುಂಡಿಗೇ ಹ್ವಾದಾಂವ ನಿರೋಪ ಹ್ಯಾಂಗ ಹೇಳಿದ? ಎರಡರಾಗ ಒಂದು ಸುಳ್ಳು. ಎರಡೂ ಸುಳ್ಳ ಇರಬಹುದು.

ಅವ್ವ ಸಾಯೂ ತನಕ ಆ ಪತ್ರ ಓದಿಸಿಕೊಂಡಳು. ಅಕಿಗೆ ಅಕ್ಷರ ಬರತಿರಲಿಲ್ಲ, ನಾನಽ ಓದತಿದ್ದೆ. ಬರೇ ನೀರಿನ ಸಾಲ ಬಂದಾಗ "ಇನ್ನೊಮ್ಮಿ ಓದು" ಅಂತಿದ್ದಳು.

ಇನ್ನೊಂದು. ಜುಲೈದಾಗ ಇಚಲಕರಂಜ್ಯಾಗ ಸಿನೇಮಾದಾವರು ನಿಮಗ ಫೇಟಾ ಸುತ್ತಿ ಶಾಲು ಹೊಚ್ಚಿ ಸತ್ಕಾರ ಮಾಡಿದ ಫೋಟೋ ಪೇಪರಿನ್ಯಾಗ ನೋಡಿದೆ. "ಹನ್ನೆರಡು ವೀರರಾಗ ಉಳದ ಒಬ್ಬ ವೀರ" ಅಂತ ಬರದಿತ್ತು. ಅವತ್ತ ಸಿನೇಮಾ ನಿಮಗ ತೋರಸಿರಲೇಬೇಕು. ರಿಬ್ಬನ್ ಕಟ್ಟಿದ ಹುಡುಗ ಓಡಿದ್ದನ್ನ ನೋಡಿನೂ ನೀವು ಎದ್ದು ಒಂದ ಮಾತು ಆಡಲಿಲ್ಲ.

ಇದು ಬರೇ ನನ್ನ ಮನಸಿನ ಮಾತಲ್ಲ. ಗಡಹಿಂಗ್ಲಜದಾಗ ಮಾಜಿ ಸೈನಿಕರು ಹುತಾತ್ಮರ ಕಂಬ ನಿಲ್ಲಸಾಕತ್ತಾರ. ಕಾಡಸಿದ್ದನ ಹೆಸರು ಯಾದಿ ಒಳಗ ಇತ್ತು. ಸಿನೇಮಾ ಬಂದ ಮ್ಯಾಲ "ಥೋಡೆ ಥಾಂಬೂಯಾ" ಅಂದಾರ, ಸ್ವಲ್ಪ ತಡೀರಿ, ವಿಚಾರ ಮಾಡೋಣು ಅಂತ. ಮಯೂರಿ ಕಲಸೂ ಸಾಳ್ಯಾಗ ಇನ್ನೊಬ್ಬ ಮಾಸ್ತರ, ನಿಮ್ಮ ಸೋದರಮಾವಂದಽ ಏನ್ರಿ ಆ ಪಾತ್ರ ಅಂತ ನಕ್ಕೊಂತ ಕೇಳ್ಯಾನ.

ಈ ಸಲ ವಿಚಾರ ಮಾಡಿ ಬರೀರಿ.

ಅಕ್ಕವ್ವ


ಕಬನೂರ
20 ಸಪ್ಟೆಂಬರ್ 2024

ಅಕ್ಕಾರಿಗೆ,

1988ರ ಪತ್ರ ಸಮಾಧಾನಕ್ಕ ಬರದದ್ದು. ಲಡಾಯಿಯಿಂದ ಬಂದ ಎಲ್ಲಾರೂ ಸತ್ತಾವರ ತಾಯಂದ್ರಿಗೆ ಹಂಗಽ ಬರೀತಾರ. ಅದಕ್ಕ ಸುಳ್ಳ ಅನ್ನಬ್ಯಾಡ್ರಿ.

ಸತ್ಕಾರ ನಾ ಬೇಡಿ ಮಾಡಿಸಿಕೊಂಡಿಲ್ಲ. ನನ್ನ ಮಗ ಅಭಯಕುಮಾರ ಕೈ ಹಿಡಕೊಂಡು ಸ್ಟೇಜ ಮ್ಯಾಲ ಹತ್ತಿಸಿದ. ಅಪ್ಪನ ಸಲುವಾಗಿ ಇಷ್ಟು ಮಂದಿ ಬಂದಾರ ಅಂತ ಅವಂಗ ಭಾಳ ಹಿಗ್ಗು. ನನಗ ಒಂದ ಮಾತೂ ಕೇಳಿಸಿಲ್ಲ. ಸಿನೇಮಾದಾಗ ಯಾರು ಏನಂದ್ರು ಅಂತಾನೂ ತಿಳೀಲಿಲ್ಲ.

ನಿಮ್ಮ ಪತ್ರದ ಧಾಟಿ ನೋಡಿದ್ರ ವಕೀಲರನ್ನ ಕೇಳಿ ಬರದಂಗ ಐತಿ. ಕೋರ್ಟಿಗೆ ಹೋಗೂ ವಿಚಾರ ಇದ್ರ ಸಿನೇಮಾದಾವರ ಮ್ಯಾಲ ಹೋಗ್ರಿ. ನಾ ಐವತ್ತೇಳರ ಮುದುಕ. ಹಳೇ ಮಣ್ಣು ಕೆದರಿದ್ರ ನಿಮಗೂ ಸುಖ ಇಲ್ಲ, ನನಗೂ ಇಲ್ಲ.

ಬಾಳಗೊಂಡ


ನೇಸರಿ
6 ಅಕ್ಟೋಬರ್ 2024
(ರಜಿಸ್ಟರ್)

ಬಾಳಗೊಂಡ ಅವರಿಗೆ,

ವಕೀಲರ ಕಡೆ ನಾ ಹೋಗಿಲ್ಲ. ಧೀರಜನ ಕಡೆ ಹೋಗಿದ್ದೆ.

ಶುಕ್ರವಾರ ಎಸ್.ಟಿ. ಬಸ್ಸು ಹಿಡದು ಕೊಲ್ಲಾಪುರಕ್ಕ ಹೋದೆ. ಮೂರನೇ ಮಜಲಿನ್ಯಾಗ ಸಣ್ಣದೊಂದು ಖೋಲಿ, ತುಂಬ ಪುಸ್ತಕ. ನಾ ಯಾರು ಅಂತ ಹೇಳಿದ ಕೂಡ್ಲೆ ಅವನ ಮಾರಿ ಇಳೀತು. ಎದ್ದು ತಾನಽ ಚಾ ಮಾಡಿದ. "ಬಾಯಿ, ಮೂಳ ಗೋಷ್ಟ ತ್ಯಾಂಚೀಚ ಆಹೇ," ಅಂದ. ಮೂಲ ಕಥಿ ಅವರದಽ, ನಾ ನನ್ನ ಮನಸಿಂದ ಬರದಿಲ್ಲ ಅಂತ. ನನಗ ನಂಬಿಕಿ ಬರಲಿ ಅಂತ ನಿಮ್ಮ ಮಾತು ತುಂಬಿಕೊಂಡಿದ್ದನ್ನ ಫೋನಿನ್ಯಾಗ ಕೇಳಿಸಿದ.

ನಿಮ್ಮ ಧ್ವನಿ ನಾ ಗುರುತ ಹಿಡದೆ. ಧೀರಜ ಕೇಳತಾನ: ಇನ್ನೂರು ಮಂದಿ ಎದುರಿಗೆ ಹನ್ನೆರಡು ಹುಡುಗರು, ಒಬ್ಬರಿಗೂ ಓಡಬೇಕು ಅನಸಲಿಲ್ಲೇನು? ಕಾಗದದ ಮ್ಯಾಲ ಬರದು ತೋರಿಸಿರಬೇಕು, ಕಾಗದ ಸರಿಸಿದ ಸಪ್ಪಳ ಕೇಳಿಸಿತು. ಆಮ್ಯಾಲ ಅಂದ್ರಿ, "ಓಡಿದ ಒಬ್ಬ. ಕಾಡ್ಯಾ ಓಡಿದ." ಕಾಡ್ಯಾ. ನಮ್ಮ ಮನಿ ಮಂದಿ ಕರಿಯೂ ಹೆಸರು.

ನಾ ಎದ್ದು ಬರಾಕಿ ಇದ್ದೆ. ಆದ್ರ ಮುಂದಿಂದು ಕೇಳಿದೆ. ಗುಡ್ಡದ ಹಿಂದ ಇಳದು ಹಳ್ಳಕ್ಕ ಬಂದ. ಹಳ್ಳದ ದಂಡಿಗೆ ದೊಡ್ಡ ಗಿಡದ ಬೇರು ನೀರಿನ ಮ್ಯಾಲ ಚಾಚಿದ್ವು, ಅದರ ಕೆಳಗ ಹೊಕ್ಕ. ಕುತಿಗಿ ತನಕ ನೀರು. ಜಿಗಳಿ ಕಿವ್ಯಾಗಿನ ರಕ್ತಕ್ಕ ಹತ್ತತಿದ್ದುವು, ಕಿತ್ತಿದ್ರ ಸಪ್ಪಳ ಆಗತೈತಿ ಅಂತ ಕೀಳಲಿಲ್ಲ. ಬೂಟಿನ ಚರ್ಮದ ಲೇಸು ಬಾಯಾಗ ಹಾಕಿ ಅಗದ. ಮೂರು ದಿನ ಅಲ್ಲೇ ಇದ್ದ.

ಮೂವತ್ತು ವರ್ಷ ನಾ ಹುಡುಗರ ಉತ್ತರ ಪತ್ರಿಕಿ ತಪಾಸಿದಾಕಿ. ಬಾಜೂಕಿನಾವನಿಂದು ನೋಡಿ ಬರದದ್ದು ಯಾವುದು, ತಂದಽ ಬರದದ್ದು ಯಾವುದು ಅಂತ ನನಗ ತಿಳೀತೈತಿ.

ಮಿಲಿಟರಿದಾವರು ನಮಗ ಕಳಿಸಿದ ಕಾಗದದಾಗ ಬರದೈತಿ: ಲಡಾಯಿ ಮುಂಜಾನೆ ಚಾಲೂ ಆಗಿ ಅವತ್ತ ಮಧ್ಯಾಹ್ನ ಮೂರಕ್ಕ ಮುಗೀತು. ಕಾಡಸಿದ್ದನ ಹೆಣಾ ಗುಡ್ಡದ ಮ್ಯಾಲ, ಪಾರೀಸನ ಬಾಜೂಕ, ತಂದಽ ಮೋರ್ಚಾದಾಗ ಸಿಕ್ಕಿತು. ಎದಿಗೆ ಗುಂಡು ಬಡದಿತ್ತು.

ಅವತ್ತಽ ಗುಡ್ಡದ ಮ್ಯಾಲ ಸತ್ತಾಂವ ಮೂರು ದಿನ ಬೇರಿನ ಕೆಳಗ ಹ್ಯಾಂಗ ಇದ್ದ?

ರಕ್ತ ಯಾರ ಕಿವ್ಯಾಗಿಂದ ಬರತಿತ್ತು, ಬಾಳಗೊಂಡ ಅವರ?

ಅಕ್ಕವ್ವ


ನೇಸರಿ
4 ನವೆಂಬರ್ 2024

ಬಾಳಗೊಂಡ ಅವರಿಗೆ,

ಪತ್ರ ಮುಟ್ಟಿದ ಬಗ್ಗೆ ಪೋಸ್ಟಿನ ಚೀಟಿ ನನಗ ಹೊಳ್ಳಿ ಬಂದೈತಿ. ಸಹಿ ಕಾಂಚನ ಅವರದು. ಅವರು ಒಡದು ಓದ್ಯಾರೋ, ಹಂಗಽ ನಿಮ್ಮ ಕೈಯಾಗ ಕೊಟ್ಟಾರೋ ಗೊತ್ತಿಲ್ಲ. ತಿಂಗಳಾತು, ನಿಮ್ಮದು ಒಂದ ಸಾಲ ಇಲ್ಲ.

ನೀವು ಸುಮ್ಮನ ಕುಂತಿಲ್ಲ ಅನ್ನೂದು ಮಾತ್ರ ಗೊತ್ತಾಗೇತಿ. ಹಾಲಿನ ಡೇರಿಯ ಮಾಯವ್ವ ಹೇಳಿದಳು, ಪೇಪರಿನ್ಯಾಗ ಫೋಟೋ ಬಂದಿದ್ದ ಮಿಲಿಟರಿ ಮನಷ್ಯಾ ನೇಸರಿ ಸ್ಟ್ಯಾಂಡಿನ್ಯಾಗ ಎರಡು ಸಲ ಕಂಡ ಅಂತ. ನಮ್ಮ ಮನಿಗೆ ಬರಲಿಲ್ಲ. ಮತ್ತ ಯಾರ ಮನಿಗೆ ಬಂದಿದ್ರಿ? ನಮ್ಮ ಊರಾಗ ಯಾರನ್ನ ನಿಮ್ಮ ಕಡೆ ಮಾಡಿಕೊಳ್ಳಾಕತ್ತೀರಿ?

ಇದು ನನ್ನ ಕಡೀ ಪತ್ರ. ಉತ್ತರಾ ಬರಲಿಲ್ಲ ಅಂದ್ರ ನಿಮ್ಮ ಎರಡೂ ಪತ್ರ, 1988ರ ಪತ್ರ, ಮಿಲಿಟರಿ ಕಾಗದ ಎಲ್ಲಾ ತಗೊಂಡು ಗಡಹಿಂಗ್ಲಜದ ಮಂಡಳಿ ಮುಂದ ಇಡತೇನಿ.

ಅಕ್ಕವ್ವ


ಕಬನೂರ
14 ನವೆಂಬರ್ 2024

ಅಕ್ಕಾರಿಗೆ,

ನೇಸರಿಗೆ ನಿಮ್ಮ ಮನಿಗೇ ಬಂದಿದ್ದೆ. ಎರಡು ಸಲ. ಬಾಯಿಲೆ ಹೇಳಬೇಕು ಅಂತ ಬಂದೆ. ಸ್ಟ್ಯಾಂಡಿನ್ಯಾಗ ಇಳದು ನಿಮ್ಮ ಓಣಿ ತನಕ ನಡಕೊಂಡು ಬಂದೆ. ನೀವು ಅಂಗಳದಾಗ ಶೇಂಗಾ ಒಣಾ ಹಾಕಾಕತ್ತಿದ್ರಿ. ನಿಮ್ಮ ಮಾರಿ ಥೇಟ ಅವಂದಽ. ಹೊಳ್ಳಿ ಹೋಗಿ ಬಸ್ಸಿನ್ಯಾಗ ಕುಂತೆ. ಯಾರನ್ನೂ ಒಲಿಸಾಕ ಬಂದಿರಲಿಲ್ಲ.

ಪತ್ರ ಕಾಂಚನ ಒಡದಿಲ್ಲ.

ಬೇರಿನ ಕೆಳಗ ಇದ್ದಾಂವ ನಾನಽ.

ಮುಂಜಾನೆ ಬೆಳಕ ಹರಿಯೂದಕ್ಕ ಶುರು ಆತು. ನಾವು ಹನ್ನೆರಡು ಮಂದಿ, ಎಲ್ಲಾರಕಿಂತ ಹಿರಿಯಾಂವ ಹವಾಲ್ದಾರ, ಅವಂಗ ಇಪ್ಪತ್ತೆಂಟು. ಉಳದಾವರು ಎಲ್ಲಾ ಇಪ್ಪತ್ತು, ಇಪ್ಪತ್ತೊಂದು. ಎದುರಿನಾವರು ಎಷ್ಟ ಮಂದಿ ಇದ್ರೋ ಕಾಣತಿರಲಿಲ್ಲ. ಎಲಿ ಅಷ್ಟ ಅಳ್ಳಾಡತಿದ್ದುವು, ಎಲ್ಲಾ ಕಡಿಂದ. ಹತ್ತರ ಸುಮಾರಿಗೆ ಹವಾಲ್ದಾರ ಹ್ವಾದ. ವಾಯರ್‌ಲೆಸ್ ಒಡೀತು. ಹನ್ನೆರಡಕ್ಕ ನಾವು ಐದ ಮಂದಿ ಉಳದಿದ್ವಿ. ಪಾರೀಸಗ ತೊಡಿಗೆ ಗುಂಡು ಬಡದಿತ್ತು, ಅವ್ವನ್ನ ಕರದು "ಆಯೇ, ಆಯೇ" ಅಂತ ಒದರತಿದ್ದ.

ಅಕ್ಕಾರ, ಯಾರು ಮೊದಲ ಎದ್ರು ಅಂತ ನನಗ ಖರೇನಽ ಗೊತ್ತಿಲ್ಲ. ನಾನೂ ಕಾಡ್ಯಾನೂ ಕೂಡೇ ಓಡಿದ್ವಿ. ಒಬ್ಬರಿಗೊಬ್ಬರು ಮಾತಾಡಿಲ್ಲ. ಗುಡ್ಡದ ಹಿಂದ ಇಳಿಯೂ ಮುಂದ ಒಂದ ಬಾಂಬ ಬಾಜೂಕ ಬಿತ್ತು, ನನ್ನ ಕಿವಿ ಆಗಽ ಹೋದುವು. ಒಂದು ಪೂರ್ತಿ ಹ್ವಾತು, ಇನ್ನೊಂದು ಅವತ್ತ ಸ್ವಲ್ಪ ಕೇಳಸತಿತ್ತು, ಆಮ್ಯಾಲ ಅದೂ ಹ್ವಾತು. ಹಳ್ಳಕ್ಕ ಬಂದು ಬೇರಿನ ಕೆಳಗ ಇಬ್ಬರೂ ಹೊಕ್ಕೊಂಡ್ವಿ. ಅರ್ಧಾ ತಾಸ ಆಗಿರಬೇಕು. ಆಮ್ಯಾಲ ಕಾಡ್ಯಾ ನನ್ನ ಉಳದ ಕಿವಿಗೆ ಬಾಯಿ ಹಚ್ಚಿ, "ಬಾಳ್ಯಾ, ಪಾರೀಸ ಒಬ್ಬನಽ ಅದಾನ," ಅಂದ. ಎದ್ದು ಹ್ವಾದ.

ನಾ ಹೋಗಲಿಲ್ಲ.

ಎರಡು ತಾಸ ಗುಡ್ಡ ನಡುಗೂದು ನೀರಿನ್ಯಾಗ ತಿಳೀತಿತ್ತು. ಆಮ್ಯಾಲ ಅದೂ ನಿಂತಿತು. ನಾ ಮೂರು ದಿನ ಹೊರಗ ಬರಲಿಲ್ಲ. ನಾಕನೇ ದಿನ ನಮ್ಮ ಮಂದಿ ಬಂದು ಹಳ್ಳದ ದಂಡಿಗೆ ನನ್ನನ್ನ ಕಂಡ್ರು. ಬಾಂಬಿಗೆ ಹಾರಿ ಬಿದ್ದಾನ, ಎಚ್ಚರ ಇರಲಿಲ್ಲ ಅಂತ ಅವರಽ ಬರಕೊಂಡ್ರು. ನಾ ಅಲ್ಲ ಅನ್ನಲಿಲ್ಲ. ಅಲ್ಲಿಂದ ಇಲ್ಲಿತನಕ ಅಲ್ಲ ಅಂದಿಲ್ಲ.

ಧೀರಜ ಆ ಪ್ರಶ್ನಿ ಬರದು ತೋರಿಸಿದಾಗ ಒಮ್ಮಿ ಎಲ್ಲಾ ಕಕ್ಕಿ ಬಿಡಬೇಕು ಅನಿಸಿತು. ಹೇಳಾಕ ಶುರು ಮಾಡಿದೆ. ಹೆಸರು ಹೇಳೂ ಹೊತ್ತಿಗೆ ಅಭಯಕುಮಾರ ಬಾಗಲದಾಗ ನಿಂತಿದ್ದ. ನನ್ನ ಹೆಸರು ಬರಬೇಕಾದಲ್ಲೆ ಕಾಡ್ಯಾಂದು ಬಂತು. ಅವನೂ ಓಡ್ಯಾನಲ್ಲಾ, ಪೂರ್ತಿ ಸುಳ್ಳೇನಲ್ಲ ಅಂತ ಮನಸಿಗೆ ಹೇಳಿಕೊಂಡೆ. ಹೊಳ್ಳಿ ಹ್ವಾದದ್ದು ಹೇಳಲೇ ಇಲ್ಲ. ಹೇಳಿದ್ರ ಹೊಳ್ಳಿ ಹೋಗಲಾರದಾಂವ ಯಾರು ಅಂತ ಕೇಳತಿದ್ದ.

ನೀವು ಹೇಳಿದ್ದು ಎಲ್ಲಾ ಬರೋಬ್ಬರಿ ಐತಿ. ಒಂದು ಮಾತ್ರ ನಿಮಗ ತಿಳೀದಿದ್ದದ್ದು: ಕಾಡ್ಯಾ ಓಡಿದ್ದು ಖರೇ. ಹೊಳ್ಳಿ ಹ್ವಾದದ್ದೂ ಖರೇ.

ಬಾಳಗೊಂಡ


ಕಬನೂರ
2 ಡಿಸೆಂಬರ್ 2024

ಅಕ್ಕಾರಿಗೆ,

ನಿಮ್ಮ ಉತ್ತರ ಬರಲಿಲ್ಲ. ಬರಲಿ ಅಂತ ಕೇಳೂ ಹಕ್ಕು ನನಗಿಲ್ಲ. ಆದ್ರ ನಾ ಖರೇ ಬರದೇನೋ, ಇದೂ ಒಂದು ಹೊಸಾ ಸುಳ್ಳೋ ಅಂತ ನಿಮಗ ಅನಿಸಿರಬಹುದು. ಅದಕ್ಕ ಆಗಿದ್ದು ತಿಳಸಾಕತ್ತೇನಿ.

ನಿನ್ನೆ ಆಯ್ತವಾರ ಗಡಹಿಂಗ್ಲಜದಾಗ ಮಾಜಿ ಸೈನಿಕರ ಬೈಠಕ ಇತ್ತು. ಮುಂಜಾನೆ ಹತ್ತಕ್ಕ ಹೋದೆ. ನಲವತ್ತು ಮಂದಿ ಇದ್ರು. ನಿಮಗ ಬರದದ್ದನ್ನಽ ಮರಾಠ್ಯಾಗ ಬರಕೊಂಡು ಹೋಗಿದ್ದೆ, ನಿಂತು ಓದಿದೆ. ನನ್ನ ಧ್ವನಿ ನನಗ ಕೇಳಸೂದಿಲ್ಲ, ಜೋರ ಓದಿದೆನೋ ಸಾವಕಾಶ ಓದಿದೆನೋ ಗೊತ್ತಿಲ್ಲ. ಓದಿ ಮುಗಿಸಿ ತಲಿ ಎತ್ತಿದಾಗ ಒಬ್ಬ ಹಿರೇ ಸುಭೇದಾರ ಎದ್ದು ಹೊರಗ ಹೊಂಟಿದ್ದ. ಇನ್ನೊಬ್ಬಾಂವ ಒಂದ ಕಾಗದದ ಮ್ಯಾಲ ಬರದು ನನ್ನ ಕೈಯಾಗ ಕೊಟ್ಟ: "ಇತಕೀ ವರ್ಷ ಗಪ್ಪ ಕಾ?" ಇಷ್ಟು ವರ್ಷ ಯಾಕ ಸುಮ್ನಿದ್ದಿ ಅಂತ. ಆ ಕಾಗದ ಮಡಚಿ ಕಿಸೇದಾಗ ಇಟ್ಟುಕೊಂಡೆ.

ಕಾಡಸಿದ್ದನ ಹೆಸರು ಕಂಬದ ಮ್ಯಾಲ ಕೊರೀತಾರ. ಛಬ್ಬೀಸ ಜನೇವರಿಗೆ, ಗಣರಾಜ್ಯ ದಿನಕ್ಕ, ಉದ್ಘಾಟನೆ. ಸಿನೇಮಾದಾವರಿಗೂ ಬರದು ಸಹಿ ಮಾಡಿ ಕೊಟ್ಟೇನಿ. ಊರೂರಿಗೆ ಹೋದ ಸಿನೇಮಾ ಇನ್ನ ಬದಲಿ ಆಗೂದಿಲ್ಲ ಅಂದ್ರು. ಧೀರಜ ಮಾತ್ರ ತನ್ನ ಹೆಸರಲೇ ಪೇಪರಿಗೆ ಬರೀತೇನಿ ಅಂದಾನ.

ಅಭಯಕುಮಾರ ನನ್ನ ಸಂಗಟ ಮಾತು ಬಿಟ್ಟಾನ. ಕಿವುಡಗ ಅದು ಲಗೂನ ತಿಳಿಯೂದಿಲ್ಲ, ಎರಡು ದಿನ ಆದ ಮ್ಯಾಲ ತಿಳೀತು. ಕಾಂಚನ ತಾಟ ಹಚ್ಚಿ ಮುಂದ ಇಟ್ಟು ಹೋಗತಾಳ. ಪಾರೀಸನ ತಾಯಿ ಹೀರಾಬಾಯಿ ನಮ್ಮ ಹಿಂದಿನ ಓಣ್ಯಾಗಽ ಅದಾರ, ತೊಂಬತ್ತು ದಾಟೇತಿ. ಅವರ ಕಡೇನೂ ಹೋಗಿ ಕಾಲ ಹಿಡದೆ. ಅವರು ನನ್ನ ತಲಿ ಮ್ಯಾಲ ಕೈ ಇಟ್ಟು ಏನೋ ಅಂದ್ರು. ಏನಂದ್ರು ಅಂತ ಯಾರನ್ನೂ ಕೇಳಿಲ್ಲ.

ಬಾಳಗೊಂಡ


ನೇಸರಿ
21 ಡಿಸೆಂಬರ್ 2024

ತಮ್ಮಾ ಬಾಳಗೊಂಡ,

ನವೆಂಬರಿನ ಪತ್ರ ಬಂದ ದಿನ ನಾ ಅದನ್ನ ನಂಬಲಿಲ್ಲ. ಮಂಡಳಿ ಮುಂದ ಹೋಗತೇನಿ ಅಂದದ್ದಕ್ಕ ಅಂಜಿ, ಅರ್ಧಾ ತಪ್ಪು ತನ್ನ ಮ್ಯಾಲ ಹಾಕಿಕೊಂಡು ಅರ್ಧಾ ನಮ್ಮ ಹುಡುಗನ ಮ್ಯಾಲ ಬಿಟ್ಟಾನ ಅಂದೆ. ಗಡಹಿಂಗ್ಲಜದ ಸುದ್ದಿ ಮಯೂರಿ ತಂದಳು. ಬೈಠಕದಾಗ ಇದ್ದಾವರಽ ಹೇಳಿದ್ರಂತ, ಓದೂ ಮುಂದ ಧ್ವನಿ ಹೊರಗ ರಸ್ತಾದ ತನಕ ಕೇಳಸತಿತ್ತು ಅಂತ. ಅವತ್ತ ನಂಬಿದೆ.

ಅವ್ವಗ ನೀ ಬರದ ಸುಳ್ಳನ್ನ ನಾ ಬಿಟ್ಟೇನಿ. ಅಕಿ ಅದರ ಮ್ಯಾಲಽ ಬದಕಿದ್ದಳು. ಅದನ್ನ ಈಗ ಕಸಗೊಂಡ್ರ ಅಕಿಗೇನು ಸಿಗತೈತಿ.

ಛಬ್ಬೀಸ ಜನೇವರಿಗೆ ಬರಾಂವ ಇದ್ರ ಬಾ. ಬ್ಯಾಡ ಅನ್ನೂದಿಲ್ಲ.

ಈಗ ನಾ ಹೇಳೂ ಮಾತು ಮಯೂರಿ ಮುಂದೂ ಹೇಳಿಲ್ಲ. ಮೂರು ತಿಂಗಳು ನನ್ನ ತಮ್ಮ ಓಡಿಲ್ಲ ಅಂತ ನಿನ್ನ ಸಂಗಟ ಜಗಳಾಡಿದೆ. ಹೆಸರು ಕಂಬದ ಮ್ಯಾಲ ಬರತೈತಿ, ಇನ್ನ ಯಾರೂ ಅವಂಗ ಪಳಪುಟ್ಯಾ ಅನ್ನೂದಿಲ್ಲ. ಗೆದ್ದೆ. ಆದ್ರ ಮುಂಜಾನೆ ಎದ್ದು ಅಂಗಳಾ ಹುಡಗೂ ಮುಂದ ನನಗ ಬರೂ ವಿಚಾರನಽ ಬ್ಯಾರೆ. ಅವ ಆ ಬೇರಿನ ಕೆಳಗಽ ಕುಂತಿದ್ರ ಈಗ ಐವತ್ತೇಳರಾಂವ. ನಮ್ಮಪ್ಪನಂಗ ತಲಿ ಬೋಳ ಆಗಿರತಿತ್ತು. ಹೊಲಕ್ಕ ಹೋಗಿ ಬಂದು ಹೊಟ್ಟಿ ಹಸದೈತಿ ಅಂತ ನನ್ನ ಮ್ಯಾಲ ಸಿಡಕತಿದ್ದ. ಮಂದಿ ಓಡಿ ಬಂದಾಂವ ಅಂತಿದ್ರು, ಅನ್ನವಲ್ಲರ್ಯಾಕ. ನಾನೂ ಸಿಟ್ಟ ಬಂದಾಗ ಒಂದೆರಡು ಸಲ ಅಂತಿದ್ದೆ.

ನೀ ಓಡಿದ್ದಕ್ಕ ನನಗ ಸಿಟ್ಟಿಲ್ಲ. ಬದಕಿ ಬಂದದ್ದಕ್ಕೂ ಇಲ್ಲ. ಅವ ಎದ್ದಾಗ ನೀ ಅವನ ಕೈ ಹಿಡದು ಜಗ್ಗಿದೇನು? ಅದನ್ನ ನೀ ಬರದಿಲ್ಲ. ಐದ ಸಲ ಓದೇನಿ, ಎಲ್ಲೂ ಇಲ್ಲ. "ಎದ್ದು ಹ್ವಾದ" ಅಂತ ಅಷ್ಟ ಬರದಿ.

ಹಿಡದಿದ್ರ ಬರಿ. ಹಿಡದಿರಲಿಲ್ಲ ಅಂದ್ರ ಬರೀಬ್ಯಾಡ, ಸುಮ್ನಿದ್ದು ಬಿಡು.

ನಿನ್ನ ಅಕ್ಕ
ಅಕ್ಕವ್ವ


ಕಬನೂರ
30 ಡಿಸೆಂಬರ್ 2024

ಅಕ್ಕಾ,

ಹಿಡದಿದ್ದೆ ಅಂತ ಬರದು ಎರಡು ಸಲ ಹರದೆ.

ಹಿಡದಿರಲಿಲ್ಲ. ಅವನ ಕೈ ನನ್ನ ಹೆಗಲ ಮ್ಯಾಲಽ ಇತ್ತು. ಮಾತು ಹೇಳಿ ಮುಗಿಸಿದ ಮ್ಯಾಲೂ ಸ್ವಲ್ಪ ಹೊತ್ತು ತಗೀಲಿಲ್ಲ. ನಾ ಕಣ್ಣ ಮುಚ್ಚಿಕೊಂಡಿದ್ದೆ.

ಬಾಳಗೊಂಡ